ಮೀಟಿಂಗ್ ಮುಗಿದ ಮೇಲೆ ಬರುವ ಮಾತು



ಕಳೆದ ಯುಗಾದಿ ಕಾರ್ಯಕ್ರಮದ ದಿನ ಹಾಲ್‌ನ ಹಿಂದಿನ ಅಡುಗೆಕೋಣೆಯಲ್ಲಿ ನಾವು ನಾಲ್ಕು ಜನ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಕೂತಿದ್ದೆವು. ಮಾತು ಮಾವಿನಕಾಯಿ ಬೆಲೆಯಿಂದ ಶುರುವಾಗಿ, ಊರಿನ ಸೈಟು, ಮಕ್ಕಳ ಸ್ಕೂಲು ಎಲ್ಲ ಸುತ್ತಿ ಕೊನೆಗೆ ಎಂದಿನಂತೆ ನೌಕರಿಗೆ ಬಂದು ನಿಂತಿತು. ನಾಲ್ವರದ್ದೂ ಒಂದೇ ರಾಗ. "ಕೆಲಸ ಮಾಡೋರು ನಾವು, ಮೇಲೆ ಹೋಗೋರು ಇನ್ಯಾರೋ!" ಆಗ ನಾನು ಎರಡು ವರ್ಷದಿಂದ ನನ್ನ ಮೇಲೇ ಮಾಡಿಕೊಳ್ಳುತ್ತಿದ್ದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಪಕ್ಕದಲ್ಲಿ ಒಗ್ಗರಣೆ ಹಾಕುತ್ತಿದ್ದ ನಮ್ಮ ಪತ್ರಿಕೆಯ ಸಂಪಾದಕರು "ಇದನ್ನೇ ಬರೆದುಕೊಟ್ಟುಬಿಡಿ" ಅಂದರು. ಒಗ್ಗರಣೆಯ ಗಾಟಿನಲ್ಲಿ ಕೆಮ್ಮುತ್ತಾ ತಲೆಯಾಡಿಸಿದ್ದನ್ನು ಅವರು ಒಪ್ಪಿಗೆ ಅಂತ ತಿಳಿದುಕೊಂಡರು. ಹಾಗಾಗಿ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಮನಶ್ಶಾಸ್ತ್ರಜ್ಞನಲ್ಲ. ಸ್ಟುಟ್‌ಗಾರ್ಟ್ ಪಕ್ಕದ ಒಂದು ಕಂಪನಿಯಲ್ಲಿ ಕಾರಿನೊಳಗಿನ ಸಾಫ್ಟ್‌ವೇರ್ ಬರೆಯುವವನು. ಓದಿದ್ದು ಬಿ.ಇ. ಬೇರೆಯವರ ಕೋಡ್‌ನಲ್ಲಿ ಬಗ್ ಹುಡುಕುವುದೇ ಹೊಟ್ಟೆಪಾಡು. ನನ್ನೊಳಗಿನ ಒಂದು ಬಗ್ ಹುಡುಕಲು ಮಾತ್ರ ಮೂವತ್ತೈದು ವರ್ಷ ಆಗಬೇಕಾಯಿತು!

ವಿಷಯಕ್ಕೆ ಬರೋಣ. ಇಲ್ಲಿನ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಮ್ಯಾನೇಜರ್ ಜೊತೆ ಕೂತು ಮಾತಾಡುವ ಪದ್ಧತಿ ಇರುವುದು ನಿಮಗೆಲ್ಲ ಗೊತ್ತೇ ಇದೆ. ಕಾಫಿ, ಎರಡು ಬಿಸ್ಕತ್ತು, ಒಂದು ಫಾರಂ. ನಾನು 2016ರಲ್ಲಿ ಬಂದವನು. ಆರೇಳು ವರ್ಷ ಆ ಫಾರಂನಲ್ಲಿ ನನ್ನ ಬಗ್ಗೆ ಒಳ್ಳೆಯದೇ ಬರೆದಿತ್ತು. ನಂಬಿಕಸ್ಥ, ಶ್ರದ್ಧೆ ಇದೆ, ಕೆಲಸದಲ್ಲಿ ತಪ್ಪಿಲ್ಲ. ಹುದ್ದೆ ಮಾತ್ರ ಇದ್ದಲ್ಲೇ ಇತ್ತು. ನನಗಿಂತ ನಾಲ್ಕು ವರ್ಷ ತಡವಾಗಿ ಸೇರಿದ ಹುಡುಗನೊಬ್ಬ ಆರ್ಕಿಟೆಕ್ಟ್ ಆದ. ಆ ವರ್ಷದ ಮಾತುಕತೆಯಲ್ಲಿ ನಾನು ಕೊಂಚ ಮುಖ ಗಂಟುಹಾಕಿಕೊಂಡೇ ಕೂತಿದ್ದೆ. ಮ್ಯಾನೇಜರ್ ಹೇಳಿದ್ದಿಷ್ಟು: "ಮೀಟಿಂಗ್ ಮುಗಿದ ಮೇಲೆ ಎಲ್ಲರೂ ನಿನ್ನ ಟೇಬಲ್ ಹತ್ತಿರ ಬಂದು ಕೇಳುತ್ತಾರೆ. ಮೀಟಿಂಗ್ ನಡೆಯುವಾಗ ನೀನು ಎಲ್ಲಿರುತ್ತೀಯ?"

ಮನೆಗೆ ಬಂದು ಹೆಂಡತಿಯ ಹತ್ತಿರ ಹೊಟ್ಟೆಯುರಿ ಕಾರಿಕೊಂಡೆ. ಅವರ ಭಾಷೆ ನನ್ನದಲ್ಲ, ಅವರಿಗೆ ಅವರವರೇ ಬೇಕು, ಜೋರಾಗಿ ಮಾತಾಡುವವನಿಗೇ ಕಾಲ... ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದಳು, "ನಿಮ್ಮ ಮೀಟಿಂಗ್ ಯಾವ ಭಾಷೇಲಿ ನಡೆಯುತ್ತೆ?" ಇಂಗ್ಲಿಷ್‌ನಲ್ಲಿ. "ಬೆಂಗಳೂರಿನ ಆಫೀಸಲ್ಲಿ ಎಲ್ಲರೂ ನಮ್ಮವರೇ ಇದ್ದರಲ್ಲ, ಅಲ್ಲಿ ಮಾತಾಡ್ತಿದ್ರಾ?" ಇಲ್ಲ. ಸಾರು ಬಿಸಿ ಮಾಡಲು ಎದ್ದುಹೋದಳು.

ಸುಪ್ತ ಮನಸ್ಸಿನ ವಿಷಯ ನನಗೆ ಹೊಸತೇನಲ್ಲ. ಬಿ.ಇ. ಓದುವಾಗಲೇ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಜೋಸೆಫ್ ಮರ್ಫಿಯ 'ದಿ ಪವರ್ ಆಫ್ ಯುವರ್ ಸಬ್‌ಕಾನ್ಷಿಯಸ್ ಮೈಂಡ್' ಕೊಂಡು ಓದಿದ್ದೆ. 1963ರ ಪುಸ್ತಕ, ಇವತ್ತಿಗೂ ರೈಲ್ವೆ ಸ್ಟೇಷನ್ನಿನಲ್ಲಿ ಸಿಗುತ್ತದೆ. ಮಲಗುವ ಮುನ್ನ ಬೇಕಾದ್ದನ್ನು ಮನಸ್ಸಿಗೆ ಹೇಳಿಕೊಳ್ಳಿ, ಅದು ನಿಜವಾಯಿತೆಂದು ಕಲ್ಪಿಸಿಕೊಳ್ಳಿ, ಉಳಿದದ್ದು ಸುಪ್ತ ಮನಸ್ಸು ನೋಡಿಕೊಳ್ಳುತ್ತದೆ ಎನ್ನುವ ಧಾಟಿ. ಮ್ಯಾನೇಜರ್ ಮಾತಿನಿಂದ ಪೆಟ್ಟು ತಿಂದ ಆ ವಾರ ನಾನು ಮತ್ತೆ ಅದೇ ಹಾದಿ ಹಿಡಿದೆ. ಬಚ್ಚಲಮನೆ ಕನ್ನಡಿಯ ಮೇಲೆ ಹಳದಿ ಚೀಟಿ: "ನಾನು ಆತ್ಮವಿಶ್ವಾಸದಿಂದ ಮಾತಾಡುತ್ತೇನೆ." ದಿನಾ ಹಲ್ಲುಜ್ಜುತ್ತಾ ಓದಿದೆ. ಎರಡು ತಿಂಗಳಲ್ಲಿ ಚೀಟಿ ನೀರು ತಾಗಿ ಉದುರಿಬಿತ್ತು. ಮೀಟಿಂಗ್‌ನಲ್ಲಿ ನಾನು ಮೊದಲಿನಂತೆಯೇ ಲ್ಯಾಪ್‌ಟಾಪ್ ನೋಡುತ್ತಾ ಕೂತಿರುತ್ತಿದ್ದೆ.

ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಗೇಬ್ರಿಯೆಲೆ ಓಟಿಂಗನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆಯ ಕೆಲಸ ಕಣ್ಣಿಗೆ ಬಿತ್ತು. 2002ರಲ್ಲಿ ಅವರೂ ಡೋರಿಸ್ ಮೇಯರ್ ಅವರೂ ಪ್ರಕಟಿಸಿದ ಒಂದು ಅಧ್ಯಯನ ನಮ್ಮಂಥವರಿಗೆಂದೇ ಮಾಡಿದಂತಿದೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವಿಷಯ ಕೇಳಿದರು. ಕೆಲಸ ಸಿಗುವ ಸಾಧ್ಯತೆ ಎಷ್ಟೆಂದು ನಿಮ್ಮ ಅಂದಾಜು? ಮತ್ತು, ಕೆಲಸ ಸಿಕ್ಕಂತೆ ಎಷ್ಟು ಸಲ ಸೊಗಸಾಗಿ ಕನಸು ಕಾಣುತ್ತೀರಿ? ಎರಡು ವರ್ಷದ ನಂತರ ನೋಡಿದರೆ, ಸಿಗುತ್ತದೆ ಎಂದು ಅಂದಾಜು ಮಾಡಿದವರು ಮುಂದಿದ್ದರು. ಆದರೆ ಸಿಹಿಗನಸು ಜಾಸ್ತಿ ಕಂಡವರು ಅರ್ಜಿ ಹಾಕಿದ್ದೂ ಕಡಿಮೆ, ಅವರಿಗೆ ಬಂದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ! ಅಂದರೆ ನಂಬಿಕೆ ಬೇರೆ, ಹಗಲುಗನಸು ಬೇರೆ. ಅಂದಾಜು ಎನ್ನುವುದು ಹಿಂದಿನ ಅನುಭವದ ಮೇಲೆ ನಿಂತಿರುತ್ತದೆ. ಕನಸಿಗೆ ಅಂಥ ಅಡಿಪಾಯ ಬೇಡ. ನನ್ನ ಹಳದಿ ಚೀಟಿ ಎರಡನೇ ಜಾತಿಯದು.

ಹಾಗಂತ ನಂಬಿಕೆ ಬದಲಾದರೆ ಎಲ್ಲ ಬದಲಾಗುತ್ತದೆ ಎಂದೂ ಅಲ್ಲ. ಬುದ್ಧಿ ಬೆಳೆಯಬಲ್ಲದು ಎಂದು ನಂಬುವವರು ಹೆಚ್ಚು ಕಲಿಯುತ್ತಾರೆ ಎಂಬ ಕ್ಯಾರಲ್ ಡ್ವೆಕ್ ಅವರ ಮಾತು 2006ರ ಪುಸ್ತಕದ ನಂತರ ಕಂಪನಿ ಕಂಪನಿಗಳ ಗೋಡೆಗೂ ಹತ್ತಿತಲ್ಲ, ಅದನ್ನು ಅಮೆರಿಕದ ಸುಮಾರು 12 ಸಾವಿರ ಒಂಬತ್ತನೇ ತರಗತಿ ಮಕ್ಕಳ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗಂಟೆಗೂ ಕಡಿಮೆ ಹೊತ್ತಿನ ಪಾಠ. ಹಿಂದುಳಿದಿದ್ದ ಮಕ್ಕಳ ಗ್ರೇಡ್ ಸರಾಸರಿ 0.1 ಅಂಕ ಏರಿತು, ನಾಲ್ಕಕ್ಕೆ. ಇದೆ, ಆದರೆ ಇಷ್ಟೇ ಇದೆ. ಒಂದು ಗಂಟೆಗೆ ಇಷ್ಟು ಸಿಕ್ಕರೆ ಲಾಭವೇ ಅನ್ನಿ. ಆದರೆ ಪವಾಡ ಮಾರುವವರನ್ನು ನೋಡಿದಾಗ ಈ 0.1 ನೆನಪಿರಲಿ ಅಂತ ಹೇಳಿದೆ.

ಹಾಗಾದರೆ ಒಳನಂಬಿಕೆ ಅಂದರೆ ಏನು? ನನಗೆ ಅರ್ಥವಾಗುವ ರೀತಿ ಹೇಳಿದವರು ಫಿಲಡೆಲ್ಫಿಯಾದ ವೈದ್ಯ ಆರನ್ ಬೆಕ್ (1921-2021). ಫ್ರಾಯ್ಡ್ ಪರಂಪರೆಯಲ್ಲೇ ತರಬೇತಾದವರು. 1960ರ ದಶಕದ ಮೊದಲಲ್ಲಿ ಅವರು ಗಮನಿಸಿದ್ದೇನೆಂದರೆ, ರೋಗಿಗಳು ಬಾಯಲ್ಲಿ ಏನೋ ಹೇಳುತ್ತಿರುವಾಗ ಒಳಗೆ ಇನ್ನೊಂದು ಮಾತು ಸರಕ್ಕನೆ ಹಾದುಹೋಗುತ್ತಿರುತ್ತದೆ. "ಇವರಿಗೆ ನನ್ನ ಮಾತು ಬೇಜಾರು ಬರ್ತಿದೆ" ಎನ್ನುವ ಥರದ್ದು. ಕೇಳಿದರೆ ಮಾತ್ರ ಅದು ಇತ್ತೆಂದು ರೋಗಿಗೂ ಗೊತ್ತಾಗುವುದು. ಇವಕ್ಕೆ 'ತಾನಾಗಿ ಬರುವ ಆಲೋಚನೆಗಳು' ಎಂದು ಹೆಸರಿಟ್ಟರು. ಇವುಗಳ ಕೆಳಗೆ "ಹೀಗಾದರೆ ಹಾಗಾಗುತ್ತದೆ, ಆದ್ದರಿಂದ ಹೀಗೆ ಮಾಡಬಾರದು" ಎನ್ನುವ ನಿಯಮಗಳು. ಅದಕ್ಕೂ ಕೆಳಗೆ "ನಾನು ಇಂಥವನು" ಎನ್ನುವ ತಳಪಾಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೇಲಿನದು ಲಾಗ್ ಫೈಲ್, ನಡುವಿನದು ಕಾನ್ಫಿಗರೇಷನ್, ತಳದ್ದು ಯಾರೋ ಹಿಂದೆ ಹಾರ್ಡ್‌ಕೋಡ್ ಮಾಡಿಟ್ಟ ಬೆಲೆ. ಲಾಗ್ ನೋಡದೆ ನೇರವಾಗಿ ತಳಕ್ಕೆ ಕೈ ಹಾಕುವವನು ಕೆಟ್ಟ ಇಂಜಿನಿಯರ್. ಕನ್ನಡಿಯ ಮೇಲಿನ ಚೀಟಿ ಮಾಡುವುದು ಅದನ್ನೇ.

ಸರಿ, ಲಾಗ್ ನೋಡೋಣ ಅಂತ ಮೂರು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಮೀಟಿಂಗ್‌ನಲ್ಲಿ ಹೇಳಬೇಕೆನ್ನಿಸಿಯೂ ಹೇಳದೆ ನುಂಗಿಕೊಂಡ ಪ್ರತಿ ಸಲ, ನುಂಗಿದ ಆ ಅರ್ಧ ಸೆಕೆಂಡಿನಲ್ಲಿ ತಲೆಯಲ್ಲಿ ಏನು ಓಡಿತೋ ಅದನ್ನು ಹಾಗೇ ಕನ್ನಡದಲ್ಲಿ ಗೀಚಿಕೊಳ್ಳುವುದು. ಕನ್ನಡದಲ್ಲೇ ಬರೆದರೆ ಪಕ್ಕದವನಿಗೆ ಓದಲು ಬರುವುದಿಲ್ಲ ಎನ್ನುವ ಅನುಕೂಲವೂ ಇತ್ತು. ನಿಮ್ಮಲ್ಲಿ ಯಾರಾದರೂ ಮಾಡುವುದಾದರೆ ದಯವಿಟ್ಟು ಸಂಜೆಗೆ ಮುಂದೂಡಬೇಡಿ. ಸಂಜೆ ಬರೆದರೆ ನಾವು ವಕೀಲರಾಗಿಬಿಡುತ್ತೇವೆ, ನುಂಗಿದ್ದಕ್ಕೆ ಒಳ್ಳೊಳ್ಳೆ ಕಾರಣ ಕೊಡುತ್ತೇವೆ.

ಮೂರು ವಾರದ ಕೊನೆಗೆ ಹತ್ತೊಂಬತ್ತು ಸಾಲು ಇದ್ದವು. "ಮೊದಲು ಕೋಡ್ ತೆಗೆದು ನೋಡಿ ಆಮೇಲೆ ಹೇಳೋಣ." "ಇದು ಎಲ್ಲರಿಗೂ ಗೊತ್ತಿರೋದೇ ಇರಬೇಕು." "ಮೇಲೊಂದು ಪ್ರಶ್ನೆ ಕೇಳಿದರೆ?" ಹತ್ತೊಂಬತ್ತರಲ್ಲಿ ಹದಿನಾಲ್ಕು ಇದೇ ಧಾಟಿಯವು. ಭಾಷೆ, ಬಣ್ಣ, ಅವರು ನಮ್ಮವರಲ್ಲ ಎನ್ನುವುದು ಒಂದೇ ಒಂದು ಸಾಲಿನಲ್ಲಿತ್ತು. ಹೆಂಡತಿಗೆ ತೋರಿಸಲಿಲ್ಲ!

"ಮೇಲೊಂದು ಪ್ರಶ್ನೆ ಕೇಳಿದರೆ?" ಎನ್ನುವುದನ್ನು ನೋಡುತ್ತಾ ಕೂತಾಗ ನೆನಪಾದದ್ದು ತುಮಕೂರು, 2004. ನಾನು ತಿಪಟೂರು ಕಡೆಯ ಹಳ್ಳಿಯವನು, ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲಿಗ. ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಎಲ್ಲವೂ ಇಂಗ್ಲಿಷು. ಕನ್ನಡ ಮಾಧ್ಯಮದಿಂದ ಬಂದ ಓದುಗರಿಗೆ ಈ ಅನುಭವ ವಿವರಿಸಬೇಕಾಗಿಲ್ಲ. ಎರಡನೇ ವಾರವೋ ಏನೋ, ಭೌತಶಾಸ್ತ್ರದ ಮೇಷ್ಟ್ರು ಎಬ್ಬಿಸಿ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು, ವೇಗೋತ್ಕರ್ಷ. ಆ ಪದದ ಇಂಗ್ಲಿಷನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಯಾರ ಬಾಯಲ್ಲೂ ಸರಿಯಾಗಿ ಕೇಳಿರಲಿಲ್ಲ. "ಅಸ್ಸಲರೇಷನ್" ಅಂದೆ. ಮೇಷ್ಟ್ರು ಅದನ್ನೇ ಇನ್ನೊಂದು ಸಲ ಹೇಳಿಸಿದರು. ಎಂಬತ್ತು ಜನರ ಕ್ಲಾಸು ಗೊಳ್ಳೆಂದಿತು. ಆಮೇಲೆ ಎರಡು ತಿಂಗಳು ನನ್ನ ಹೆಸರೇ ಅಸ್ಸಲರೇಷನ್.

ಅವತ್ತೇ ಕೂತು ನಿರ್ಧಾರ ಮಾಡಿದ್ದೇನೂ ಇಲ್ಲ. ಆದರೆ ಅಲ್ಲಿಂದ ಮುಂದೆ ಒಂದು ನಿಯಮ ನನ್ನನ್ನು ನಡೆಸಿತು: ಪೂರ್ತಿ ಖಚಿತವಾಗುವವರೆಗೆ ಬಾಯಿ ತೆಗೆಯಬೇಡ. ಇಲ್ಲಿ ಒಂದು ಮುಖ್ಯ ವಿಷಯ ಇದೆ, ದಯವಿಟ್ಟು ಗಮನಿಸಿ. ಆ ನಿಯಮ ತಪ್ಪಾಗಿರಲಿಲ್ಲ! ಅದರಿಂದಲೇ ನಾನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಪ್ರತಿ ಪಾಠ ಮೂರು ಸಲ ಓದಿದೆ. ಅದರಿಂದಲೇ ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂತು. ಬೆಂಗಳೂರಿನ ಮೊದಲ ಕೆಲಸದಲ್ಲಿ "ಇವನು ಹೇಳಿದರೆ ಮುಗೀತು, ಚೆಕ್ ಮಾಡೋದು ಬೇಡ" ಅನ್ನಿಸಿಕೊಂಡದ್ದು ಅದರಿಂದಲೇ. ಜರ್ಮನಿಯ ಕೆಲಸ ಸಿಕ್ಕಿದ್ದೂ ಹಾಗೇ. ಹನ್ನೆರಡು ವರ್ಷ ನನಗೆ ಅನ್ನ ಹಾಕಿದ ನಿಯಮ ಅದು. ಕೋಡ್ ಬರೆಯುವವನಿಗೆ ಖಚಿತತೆಯೇ ಬಂಡವಾಳ. ಆದರೆ ಆರ್ಕಿಟೆಕ್ಟ್‌ನ ಕೆಲಸವೇ ಬೇರೆ. ಇನ್ನೂ ಯಾರಿಗೂ ಏನೂ ಖಚಿತವಿಲ್ಲದ ಹೊತ್ತಿನಲ್ಲಿ ಬಾಯಿ ತೆಗೆದು, ಅರೆಬೆಂದದ್ದನ್ನು ಮೇಜಿನ ಮೇಲಿಟ್ಟು, ನಾಲ್ಕು ಜನರಿಂದ ಬೈಸಿಕೊಂಡು ಅದನ್ನು ಬೇಯಿಸುವುದು. ನನ್ನನ್ನು ಅಲ್ಲಿಯವರೆಗೆ ಹೊತ್ತು ತಂದ ನಿಯಮವೇ ಮುಂದಿನ ಮೆಟ್ಟಿಲಿಗೆ ಅಡ್ಡ ನಿಂತಿತ್ತು.

ಇಂಥದ್ದನ್ನು ಬಿಡಿಸಲು ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಾಧನ ಹಾರ್ವರ್ಡ್‌ನ ರಾಬರ್ಟ್ ಕೀಗನ್ ಮತ್ತು ಲೀಸಾ ಲೇಹೀ ಅವರ ನಾಲ್ಕು ಕಾಲಂಗಳ ಹಾಳೆ. ಅವರು ಇದರ ಬಗ್ಗೆ 2001ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು, 2009ರಲ್ಲಿ 'ಇಮ್ಯುನಿಟಿ ಟು ಚೇಂಜ್' ಎಂಬ ಪುಸ್ತಕ ತಂದರು. ಅವರ ವಾದ ಸರಳ. ಬದಲಾಗಬೇಕೆಂದು ಪ್ರಾಮಾಣಿಕವಾಗಿ ಬಯಸುವವನೂ ಬದಲಾಗದಿರುವುದು ಸೋಮಾರಿತನದಿಂದಲ್ಲ. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇರುತ್ತದೆ. ಬ್ರೇಕ್ ಒತ್ತುವ ಕಾಲಿಗೂ ಒಂದು ಒಳ್ಳೆಯ ಉದ್ದೇಶ ಇರುತ್ತದೆ, ಅದು ನಮ್ಮನ್ನು ಯಾವುದೋ ಅಪಾಯದಿಂದ ಕಾಪಾಡುತ್ತಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಹೇಗೆ ಕಸಿ ಮಾಡಿದ ಅಂಗವನ್ನೂ ಶತ್ರು ಎಂದು ತಿಳಿದು ತಳ್ಳಿಬಿಡುತ್ತದೋ ಹಾಗೆ. (ಆಕ್ಸಿಲರೇಟರ್! ನನ್ನ ಹಣೆಬರಹ ನೋಡಿ, ಅಲ್ಲೂ ಅದೇ ಪದ.)

ಒಂದು ಖಾಲಿ ಹಾಳೆ ತೆಗೆದುಕೊಂಡು ಮಡಚಿ ನಾಲ್ಕು ಪಟ್ಟಿ ಮಾಡಿ. ನನ್ನ ಹಾಳೆಯನ್ನೇ ಉದಾಹರಣೆಗೆ ಕೊಡುತ್ತೇನೆ.

ಮೊದಲ ಪಟ್ಟಿಯಲ್ಲಿ ಏನು ಬದಲಾಗಬೇಕು ಅಂತ. ನನ್ನದು: ಡಿಸೈನ್ ಚರ್ಚೆಗಳಲ್ಲಿ ನನ್ನ ಅಭಿಪ್ರಾಯವನ್ನು ಅಲ್ಲೇ, ಆಗಲೇ ಹೇಳಬೇಕು. "ಪ್ರಮೋಷನ್ ಬೇಕು" ಅಂತ ಬರೆದರೆ ಕೆಲಸಕ್ಕೆ ಬಾರದು. ಅದು ಇನ್ನೊಬ್ಬರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದನ್ನು ಬರೆಯಬೇಕು.

ಎರಡನೇ ಪಟ್ಟಿಯಲ್ಲಿ, ಅದಕ್ಕೆ ವಿರುದ್ಧವಾಗಿ ನಾನು ಏನೇನು ಮಾಡುತ್ತೇನೆ, ಏನು ಮಾಡುವುದಿಲ್ಲ. ಲ್ಯಾಪ್‌ಟಾಪ್ ನೋಡುತ್ತೇನೆ. ಆಮೇಲೆ ಮೇಲ್ ಬರೆಯುತ್ತೇನೆ. ಪಕ್ಕದವನ ಕಿವಿಯಲ್ಲಿ ಹೇಳುತ್ತೇನೆ, ಅವನು ಜೋರಾಗಿ ಹೇಳಿ ಹೆಸರು ತಗೋತಾನೆ. ಇಲ್ಲಿ ಕಾರಣ ಬರೆಯಬಾರದು, ವಿಡಿಯೋ ಕ್ಯಾಮೆರಾಕ್ಕೆ ಕಾಣುವುದಷ್ಟನ್ನೇ ಬರೆಯಬೇಕು.

ಮೂರನೆಯದು ಕಷ್ಟದ್ದು. ಎರಡನೇ ಪಟ್ಟಿಯ ಒಂದೊಂದು ಸಾಲಿಗೂ "ಇದರ ಉಲ್ಟಾ ಮಾಡಿದರೆ ಏನಾಗಬಹುದೆಂದು ಹೆದರಿಕೆ?" ಅಂತ ಕೇಳಿಕೊಳ್ಳಬೇಕು. ಹೊಟ್ಟೆಯಲ್ಲಿ ಸ್ವಲ್ಪ ತಳಮಳ ಆಗದಿದ್ದರೆ ಇನ್ನೂ ಮೇಲ್ಮೇಲೆ ಇದ್ದೀರಿ ಅಂತಲೇ ಅರ್ಥ. ನಾನು ಮೊದಲು ಬರೆದದ್ದು "ಮೀಟಿಂಗ್ ಸಮಯ ಹಾಳಾಗಬಹುದು" ಅಂತ. ಎಂಥಾ ಸಭ್ಯ ಸುಳ್ಳು! ಎರಡು ದಿನ ಬಿಟ್ಟು ಅದನ್ನು ಹೊಡೆದುಹಾಕಿ ಬರೆದೆ: "ಇವನಿಗೆ ನಿಜವಾಗಿ ಅಷ್ಟೇನೂ ಗೊತ್ತಿಲ್ಲ ಅಂತ ಎಲ್ಲರೆದುರು ತಿಳಿದುಹೋಗಬಹುದು." ಈ ಹೆದರಿಕೆ ನನ್ನೊಬ್ಬನ ಸೊತ್ತೇನಲ್ಲ. 1978ರಲ್ಲೇ ಪೌಲಿನ್ ಕ್ಲಾನ್ಸ್ ಮತ್ತು ಸುಜೇನ್ ಐಮ್ಸ್ ಎಂಬ ಇಬ್ಬರು, ಓದಿನಲ್ಲೂ ವೃತ್ತಿಯಲ್ಲೂ ಬಹಳ ಮೇಲೆ ಹೋಗಿದ್ದ 150ಕ್ಕೂ ಹೆಚ್ಚು ಮಹಿಳೆಯರಲ್ಲಿ ಇದನ್ನೇ ಕಂಡು ಬರೆದಿದ್ದರು. ಹೆದರಿಕೆ ಗೊತ್ತಾದ ಮೇಲೆ ಅದನ್ನು ಬದ್ಧತೆಯ ರೂಪದಲ್ಲಿ ತಿರುಗಿಸಿ ಬರೆಯಿರಿ ಅನ್ನುತ್ತಾರೆ ಕೀಗನ್ ಮತ್ತು ಲೇಹೀ. ನನ್ನದು ಹೀಗಾಯಿತು: "ಯಾವತ್ತೂ ಯಾರೆದುರೂ ತಪ್ಪು ಹೇಳಿ ಸಿಕ್ಕಿಬೀಳದಿರಲು ನಾನು ಬದ್ಧ." ಓದಿ ನೋಡಿ. ಮೊದಲ ಪಟ್ಟಿಯ ಗುರಿ ಮತ್ತು ಈ ಬದ್ಧತೆ ಒಟ್ಟಿಗೆ ಬದುಕಲು ಸಾಧ್ಯವೇ ಇಲ್ಲ. ನಾನು ಲ್ಯಾಪ್‌ಟಾಪ್ ನೋಡುತ್ತಾ ಕೂರುವುದು ಸೋಲಲ್ಲ, ಈ ಎರಡನೇ ಬದ್ಧತೆಯ ಭರ್ಜರಿ ಯಶಸ್ಸು!

ನಾಲ್ಕನೇ ಪಟ್ಟಿಯಲ್ಲಿ, ಆ ಬದ್ಧತೆ ಯಾವ ಊಹೆಯ ಮೇಲೆ ನಿಂತಿದೆ ಅಂತ. "ಒಂದು ಸಲ ತಪ್ಪು ಹೇಳಿದರೆ ಜನ ನಗುತ್ತಾರೆ, ಎರಡು ತಿಂಗಳು ಮರೆಯುವುದಿಲ್ಲ, ಮತ್ತೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ." ತುಮಕೂರಿನ ಆ ಕ್ಲಾಸಿನಲ್ಲಿ ಇದು ಅಕ್ಷರಶಃ ನಿಜವಾಗಿತ್ತು. ಸ್ಟುಟ್‌ಗಾರ್ಟ್‌ನ ಮಂಗಳವಾರದ ಮೀಟಿಂಗ್‌ನಲ್ಲಿ ನಿಜವೋ ಅಲ್ಲವೋ ನಾನು ಯಾವತ್ತೂ ಪರೀಕ್ಷಿಸಿಯೇ ಇರಲಿಲ್ಲ.

ಇಲ್ಲೊಂದು ಅಡ್ಡಮಾತು. ಇಂಥ ಊಹೆಗಳಿಗೆ ನಮ್ಮ ಮನೆಮಾತಿನ ಬೆಂಬಲವೂ ಧಾರಾಳವಾಗಿದೆ. ತುಂಬಿದ ಕೊಡ ತುಳುಕುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ. ನಮ್ಮಲ್ಲಿ ಒಬ್ಬರನ್ನು ಸನ್ಮಾನ ಮಾಡುವಾಗ ದೊಡ್ಡ ಹೊಗಳಿಕೆ ಯಾವುದು ಹೇಳಿ? "ಎಲೆಮರೆಯ ಕಾಯಿ". ಕಾಯಿ ಎಲೆಯ ಮರೆಯಲ್ಲೇ ಇದ್ದರೆ ಕೀಳುವವನಿಗೆ ಕಾಣುವುದು ಹೇಗೆ ಸ್ವಾಮಿ? ಆದರೆ ಎಲ್ಲವನ್ನೂ "ನಮ್ಮ ಸಂಸ್ಕೃತಿಯೇ ಹೀಗೆ" ಎಂದು ಗಾದೆಗಳ ತಲೆಗೆ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ. ಇದೇ ಗಾದೆ ಕೇಳಿ ಬೆಳೆದ ನಮ್ಮ ಚಿಕ್ಕಪ್ಪ ಗ್ರಾಮ ಪಂಚಾಯಿತಿ ಸಭೆಯಲ್ಲಿ ಮೈಕ್ ಬಿಟ್ಟುಕೊಟ್ಟ ದಾಖಲೆ ಇಲ್ಲ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಎಲ್ಲ ಅಡ್ಡಿಗಳೂ ತಲೆಯೊಳಗೇ ಇರುವುದಿಲ್ಲ. ನಾನು ಬ್ಲೂ ಕಾರ್ಡ್ ಮೇಲೆ ಬಂದಾಗ ಮೊದಲ ಎರಡು ವರ್ಷ ಕೆಲಸ ಬದಲಿಸಬೇಕಾದರೆ ವಿದೇಶೀಯರ ಕಚೇರಿಯ ಒಪ್ಪಿಗೆ ಬೇಕಿತ್ತು. ಆಗ ಬಾಯಿ ಮುಚ್ಚಿಕೊಂಡಿದ್ದದ್ದು ಒಳನಂಬಿಕೆಯಲ್ಲ, ವಿವೇಕ. ಕಾಯಂ ವಾಸದ ಪರವಾನಗಿ ಕೈಗೆ ಬಂದ ಮೇಲೂ ಐದು ವರ್ಷ ಅದೇ ಹೆದರಿಕೆಯಲ್ಲಿ ನಡೆದೆನಲ್ಲ, ಅದು ಒಳನಂಬಿಕೆ. ಗೋಡೆ ಬಿದ್ದಿತ್ತು, ನಾನು ಗೋಡೆ ಇದ್ದ ಜಾಗವನ್ನು ಸುತ್ತಿಕೊಂಡು ಹೋಗುತ್ತಿದ್ದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಂಡಾ ಬ್ಯಾಬ್‌ಕಾಕ್ ಅಲ್ಲಿನ ಸ್ನಾತಕೋತ್ತರ ಪದವೀಧರರನ್ನು ನೋಡಿದಾಗ, ಮೊದಲ ಸಂಬಳ ಹೆಚ್ಚಿಸಿ ಎಂದು ಕೇಳಿದ್ದ ಗಂಡಸರು 57 ಶೇಕಡಾ, ಹೆಂಗಸರು ಬರೀ 7 ಶೇಕಡಾ. ಕೇಳಿದವರಿಗೆ ಸರಾಸರಿ 7.4 ಶೇಕಡಾ ಜಾಸ್ತಿ ಸಿಕ್ಕಿತ್ತು. 2003ರಲ್ಲಿ ಇದು ಪುಸ್ತಕವಾಗಿ ಬಂದಾಗ ಎಲ್ಲರೂ "ಹೆಂಗಸರು ಕೇಳಲು ಕಲಿಯಬೇಕು" ಅಂದರು. ಆದರೆ 2007ರಲ್ಲಿ ಅದೇ ಬ್ಯಾಬ್‌ಕಾಕ್ ತಮ್ಮ ಜೊತೆಗಾರರೊಡನೆ ತೋರಿಸಿದ್ದೇನು? ಹೆಚ್ಚು ಸಂಬಳ ಕೇಳಿದ ಹೆಂಗಸಿನ ಜೊತೆ ಕೆಲಸ ಮಾಡಲು ಜನ ಹಿಂಜರಿಯುತ್ತಾರೆ, ಗಂಡಸಿನ ವಿಷಯದಲ್ಲಿ ಅಷ್ಟು ಹಿಂಜರಿಯುವುದಿಲ್ಲ. ಅಂದರೆ ಆ ಹೆಂಗಸರ ಹಿಂಜರಿಕೆ ಬರೀ ಭ್ರಮೆಯಾಗಿರಲಿಲ್ಲ. ಆದ್ದರಿಂದ ಯಾರಾದರೂ ನಿಮಗೆ "ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ" ಅಂದರೆ ಪೂರ್ತಿ ನಂಬಬೇಡಿ. ಪರೀಕ್ಷೆ ಮಾಡಿ ನೋಡಿ.

ಪರೀಕ್ಷೆ ಎನ್ನುವ ಪದವನ್ನು ಬೇಕೆಂದೇ ಬಳಸಿದೆ. ಕೀಗನ್ ಮತ್ತು ಲೇಹೀ ಹೇಳುವುದು ಧೈರ್ಯ ಮಾಡಿ ನುಗ್ಗಿ ಅಂತಲ್ಲ. ನಾಲ್ಕನೇ ಪಟ್ಟಿಯ ಊಹೆ ನಿಜವೋ ಸುಳ್ಳೋ ತಿಳಿಯಲು ಒಂದು ಸಣ್ಣ, ಮುರಿದರೂ ಪರವಾಗಿಲ್ಲದ ಪ್ರಯೋಗ ಮಾಡಿ ಅಂತ. ಉದ್ದೇಶ ಸುಧಾರಣೆಯಲ್ಲ, ಮಾಹಿತಿ. ಇದು ನನ್ನಂಥವನಿಗೆ ಹಿಡಿಸಿತು. ಧೈರ್ಯ ನನ್ನ ಹತ್ತಿರ ಇರಲಿಲ್ಲ, ಟೆಸ್ಟ್ ಕೇಸ್ ಬರೆಯಲು ಬರುತ್ತಿತ್ತು.

ಮೊದಲ ಪ್ರಯೋಗ: ಮಂಗಳವಾರದ ಚರ್ಚೆಯ ಮೊದಲ ಹತ್ತು ನಿಮಿಷದಲ್ಲಿ, ಖಚಿತವಿಲ್ಲದ ಒಂದೇ ಒಂದು ವಿಷಯ ಹೇಳುವುದು. "ನನಗೆ ಖಾತ್ರಿಯಿಲ್ಲ, ಆದರೆ ಈ ಟೈಮ್‌ಔಟ್ ಕಡಿಮೆ ಆಯಿತು ಅನ್ನಿಸುತ್ತಿದೆ" ಅಂದೆ. ಎದೆ ಡವಡವ. ಒಬ್ಬಳು "ಹೌದಾ, ನೋಡ್ತೀನಿ" ಅಂತ ಬರೆದುಕೊಂಡಳು. ಚರ್ಚೆ ಮುಂದೆ ಹೋಯಿತು. ಅಷ್ಟೇ! ಮಜಾ ಏನೆಂದರೆ ನಾನು ಹೇಳಿದ್ದು ತಪ್ಪಾಗಿತ್ತು. ಟೈಮ್‌ಔಟ್ ಸರಿಯಾಗಿಯೇ ಇತ್ತು. ಅವಳು ಮಾರನೇ ದಿನ ಒಂದು ಸಾಲಿನ ಮೆಸೇಜ್ ಹಾಕಿ ಸುಮ್ಮನಾದಳು. ಮುಂದಿನ ಮಂಗಳವಾರಕ್ಕೆ ಅದು ನೆನಪಿದ್ದದ್ದು ಇಡೀ ಗುಂಪಿನಲ್ಲಿ ನನಗೊಬ್ಬನಿಗೆ. ಎರಡು ತಿಂಗಳ ಅಡ್ಡಹೆಸರಿನ ಎದುರು ಒಂದು ಸಾಲಿನ ಮೆಸೇಜ್. ಹಾಳೆಯಲ್ಲಿ ಬರೆದುಕೊಂಡೆ.

ಎರಡನೆಯದು ಮ್ಯಾನೇಜರ್ ಹತ್ತಿರ. "ಮುಂದಿನ ಪ್ರಾಜೆಕ್ಟ್‌ನ ಆರ್ಕಿಟೆಕ್ಟ್ ಹೊಣೆ ನನಗೆ ಬೇಕು" ಅಂತ ಬಾಯಿಬಿಟ್ಟು ಹೇಳುವುದು. ಅವರು ನಿಜಕ್ಕೂ ಆಶ್ಚರ್ಯಪಟ್ಟರು. "ನಿನಗೆ ಅದರಲ್ಲಿ ಆಸಕ್ತಿ ಇಲ್ಲ ಅಂದುಕೊಂಡಿದ್ದೆ, ಇಷ್ಟು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲ." ನಾನೋ, ಕೆಲಸ ನೋಡಿ ಅವರೇ ಕರೆಯಬೇಕು, ಕೇಳಿದರೆ ಸಣ್ಣವನಾಗುತ್ತೇನೆ ಎಂದು ಕಾದು ಕೂತಿದ್ದೆ. ಆ ಹೊಣೆ ಆ ವರ್ಷ ಸಿಗಲಿಲ್ಲ, ಬೇರೆಯವರಿಗೆ ಹೋಯಿತು. ಮುಂದಿನ ವರ್ಷ ಒಂದು ಚಿಕ್ಕ ಮಾಡ್ಯೂಲ್‌ನದು ಸಿಕ್ಕಿದೆ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ತಲೆನೋವಿನಲ್ಲಿ ಇದೆ.

ಮೂರನೆಯದು ಕೈಕೊಟ್ಟಿತು. ಎರಡು ಪ್ರಯೋಗ ದಾಟಿದ ಹುಮ್ಮಸ್ಸಿನಲ್ಲಿ ಗ್ರಾಹಕ ಕಂಪನಿಯವರ ಜೊತೆಗಿನ ಕರೆಯಲ್ಲಿ ಮೆಮೊರಿ ಎಷ್ಟು ಬೇಕೆಂದು ಕೇಳಿದಾಗ ಬಾಯಿಗೆ ಬಂದ ಒಂದು ಅಂಕಿ ಹೇಳಿಬಿಟ್ಟೆ. ಸಹೋದ್ಯೋಗಿ ಎಲ್ಲರೆದುರು ತಿದ್ದಿದ. ಕಿವಿ ಬಿಸಿಯಾಯಿತು, ಅದೇ ತುಮಕೂರಿನ ಬಿಸಿ. ಆಮೇಲೆ ಮ್ಯಾನೇಜರ್ "ಹೊರಗಿನವರಿಗೆ ಅಂಕಿ ಕೊಡುವಾಗ ನೋಡಿಕೊಂಡು ಕೊಡು" ಅಂದರು, ನ್ಯಾಯವಾಗಿಯೇ. ಅವತ್ತು ರಾತ್ರಿ ಹಾಳೆ ತೆಗೆದು ನಾಲ್ಕನೇ ಪಟ್ಟಿಯನ್ನು ತಿದ್ದಿ ಬರೆದೆ. ಹಳೇ ನಿಯಮ ಪೂರ್ತಿ ಸುಳ್ಳಲ್ಲ. ಗ್ರಾಹಕರಿಗೆ ಅಂಕಿ ಕೊಡುವಲ್ಲಿ ಅದು ಇವತ್ತಿಗೂ ನಿಜ. ಒಳಗಿನ ಚರ್ಚೆಯಲ್ಲಿ ನಿಜವಲ್ಲ. ಎಲ್ಲಿ ನಿಜ ಎಲ್ಲಿ ಅಲ್ಲ ಎನ್ನುವ ಗೆರೆಯನ್ನು ಹದಿನಾರು ವರ್ಷದ ಹುಡುಗ ಎಳೆದಿದ್ದ, ಈಗ ಅದನ್ನು ಸ್ವಲ್ಪ ಸರಿಸಿದೆ.

ಇಷ್ಟರಲ್ಲೇ ಬರೆಯುವುದನ್ನು ಮುಗಿಸಬೇಕೆಂದಿದ್ದೆ. ಆದರೆ ಕಳೆದ ಚಳಿಗಾಲದಲ್ಲಿ ಮಗಳ ಶಾಲೆಗೆ ಹೋಗಿದ್ದು ಹೇಳದಿದ್ದರೆ ಕಥೆ ಅರ್ಧ ಆಗುತ್ತದೆ. ಮೂರನೇ ಕ್ಲಾಸು. ಲಿಖಿತ ಪರೀಕ್ಷೆಗಳೆಲ್ಲ ಚೆನ್ನಾಗಿದ್ದವು. ಟೀಚರ್ ಹೇಳಿದರು, "ಇವಳಿಗೆ ಉತ್ತರ ಗೊತ್ತಿರುತ್ತದೆ, ಬೆರಳೆತ್ತುವುದಿಲ್ಲ." ಇಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ ಗೊತ್ತು, ಜರ್ಮನ್ ಶಾಲೆಗಳಲ್ಲಿ 'ಮುಂಡ್ಲಿಷೆ ಮಿಟಾರ್ಬೈಟ್', ಅಂದರೆ ಕ್ಲಾಸಿನಲ್ಲಿ ಬಾಯಿಬಿಟ್ಟು ಪಾಲ್ಗೊಳ್ಳುವುದಕ್ಕೇ ಅಂಕ ಇದೆ. ಉತ್ತರ ತಪ್ಪಾದರೂ ಬೆರಳೆತ್ತಿದ್ದಕ್ಕೆ ಲೆಕ್ಕ ಇದೆ. ಆಗ ತಟ್ಟನೆ ಹೊಳೆಯಿತು. ನನ್ನ ಸಹೋದ್ಯೋಗಿಗಳು ಅರೆಬೆಂದ ಮಾತನ್ನು ಅಷ್ಟು ಆರಾಮವಾಗಿ ಮೇಜಿನ ಮೇಲೆ ಇಡುವುದು ಅವರಿಗೆ ಹುಟ್ಟಿನಿಂದ ಬಂದ ಧೈರ್ಯದಿಂದಲ್ಲ. ಏಳೆಂಟನೇ ವಯಸ್ಸಿನಿಂದ ಅದಕ್ಕೆ ಅವರಿಗೆ ಮಾರ್ಕ್ಸ್ ಸಿಕ್ಕಿದೆ! ನನಗೆ ಮಾರ್ಕ್ಸ್ ಸಿಕ್ಕಿದ್ದು ಕೈಕಟ್ಟಿ ಕೂತಿದ್ದಕ್ಕೆ. ಅವರದ್ದೂ ಒಂದು ಹಳೇ ನಿಯಮ, ನನ್ನದೂ ಒಂದು ಹಳೇ ನಿಯಮ.

ಟ್ರಾಮ್‌ನಲ್ಲಿ ಮನೆಗೆ ಬರುವಾಗ ಮಗಳನ್ನು ಯಾಕೆ ಬೆರಳೆತ್ತಲ್ಲ ಅಂತ ಕೇಳಿದೆ. ಕಿಟಕಿಯ ಹೊರಗೆ ನೋಡುತ್ತಾ "ತಪ್ಪಾದ್ರೆ?" ಅಂದಳು. ಅವಳು ತುಮಕೂರು ನೋಡಿಲ್ಲ, ಅವಳನ್ನು ಯಾರೂ ನಕ್ಕು ಅಡ್ಡಹೆಸರಿಟ್ಟಿಲ್ಲ. ನಾನಂತೂ ಅವಳಿಗೆ ಇಂಥದ್ದನ್ನು ಹೇಳಿಕೊಟ್ಟಿಲ್ಲ ಎಂದೇ ನಂಬಿದ್ದೆ. ಮನೆಗೆ ಬಂದು ಯೋಚಿಸಿದೆ. ಅವಳು ಹೋಮ್‌ವರ್ಕ್ ತೋರಿಸುವಾಗ ನನ್ನ ಕೈ ಮೊದಲು ಹೋಗುವುದು ತಪ್ಪಿನ ಕಡೆಗೆ. ಹೆಂಡತಿ ಬಹಳ ದಿನದಿಂದ ಹೇಳುತ್ತಲೇ ಇದ್ದಳು.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ರೂಢಿ ಆಗಿದೆ. ಇವತ್ತು ಯಾರು ಎಷ್ಟು ಸಲ ಖಾತ್ರಿಯಿಲ್ಲದೆ ಬಾಯಿಬಿಟ್ಟಿರಿ ಅಂತ ಲೆಕ್ಕ ಹೇಳಬೇಕು. ಸುಳ್ಳು ಲೆಕ್ಕ ಹೇಳಿದವರು ಪಾತ್ರೆ ತೊಳೆಯಬೇಕು. ಮೊನ್ನೆ ಶುಕ್ರವಾರ ಮಗಳದ್ದು ಎರಡು, ಅದರಲ್ಲಿ ಒಂದು ತಪ್ಪು. ನನ್ನದು ಒಂದು. ಹೆಂಡತಿಯದ್ದು ಲೆಕ್ಕಕ್ಕೆ ಸಿಗಲಿಲ್ಲ.